ಕೇಳಿದ್ದೆಲ್ಲ ಸುದ್ದಿಯಲ್ಲ, ಕಂಡದ್ದೆಲ್ಲ ನಿಜವಲ್ಲ



ಹೋದ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಎಂಟನೇ ತರಗತಿಯ ಇಬ್ಬರು ಹುಡುಗರು ನನ್ನ ಹತ್ತಿರ ಓಡಿ ಬಂದರು.

"ಸರ, ಮಕ್ಕಳ ಕಳ್ಳರು ಬಂದಾರಂತ್ರಿ! ಮೊಬೈಲ್‌ನ್ಯಾಗ ಬಂದೈತ್ರಿ."

"ಯಾರ ಮೊಬೈಲ್‌ನ್ಯಾಗ?"

"ನಮ್ಮ ಕಾಕಾಂದ್ರಾಗ್ರಿ."

"ಕಾಕಾಗ ಯಾರು ಕಳಿಸಿದ್ರು?"

"ಅವರ ದೋಸ್ತರ್ರಿ."

"ದೋಸ್ತರಿಗೆ?"

ಹುಡುಗರು ಮುಖ ಮುಖ ನೋಡಿಕೊಂಡರು. ಕಳ್ಳರನ್ನು ಕಂಡವರು ಯಾರೂ ಇಲ್ಲ, ಕೇಳಿದವರೇ ಎಲ್ಲ!

ಸಂಜೆ ಇನ್ನೊಂದು ವಿಷಯ ಗೊತ್ತಾಯಿತು. ಕೂದಲು ತಗೊಂಡು ಪಿನ್ನು, ಬಲೂನು ಕೊಡುವ ವ್ಯಾಪಾರಿಯನ್ನು ಅದೇ ದಿನ ಬಸ್‌ಸ್ಟ್ಯಾಂಡಿನಿಂದಲೇ ಬೈದು ಓಡಿಸಿದ್ದರು. ವರ್ಷಾ ವರ್ಷಾ ನಮ್ಮೂರಿಗೆ ಬರುವ ಮನುಷ್ಯ ಆತ. ಯಾರೂ ಕೈ ಮಾಡಲಿಲ್ಲ, ಅದೇ ನಮ್ಮ ಪುಣ್ಯ. ಎಲ್ಲ ಊರುಗಳಲ್ಲೂ ಹಾಗೆ ಆಗಿಲ್ಲ. ಅದಕ್ಕೇ ಈ ವಾರ ಈ ಪಾಠ ಬರೆಯುತ್ತಿದ್ದೇನೆ.

ಬಾಲ ಕತ್ತರಿಸಿದ ವಿಡಿಯೋ

2016ರಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ರೋಶ್ನಿ ಎಂಬ ಮಕ್ಕಳ ಸಹಾಯವಾಣಿಯವರು ಒಂದು ಜಾಗೃತಿ ಚಿತ್ರ ಮಾಡಿಸಿದರು. ಓಣಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಇಬ್ಬರು ಬೈಕಿನ ಮೇಲೆ ಬಂದು ಒಬ್ಬ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಬಂದು, ಹುಡುಗನನ್ನು ಇಳಿಸಿ, ಒಂದು ಫಲಕ ತೋರಿಸುತ್ತಾರೆ. ಮಗುವನ್ನು ಕದಿಯಲು ಒಂದು ಕ್ಷಣ ಸಾಕು, ಎಚ್ಚರವಾಗಿರಿ ಎಂಬುದು ಅದರ ಸಾರಾಂಶ. ಅಂದರೆ ಅದು ನಟನೆ. ತಂದೆ ತಾಯಿಗಳನ್ನು ಎಚ್ಚರಿಸಲು ಮಾಡಿದ ಚಿತ್ರ.

ಯಾರೋ ಅದರ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಹುಡುಗನನ್ನು ಎತ್ತಿಕೊಂಡು ಹೋಗುವುದಷ್ಟೇ ಉಳಿಯಿತು. 2018ರಲ್ಲಿ ಆ ತುಂಡು ನಮ್ಮ ದೇಶದ ಮೊಬೈಲುಗಳಿಗೆ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮಾತು ಅದರ ಜೊತೆಗೇ ಬಂತು.

ಮುಂದೆ ಏನಾಯಿತು? 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಕಟ್ಟಿಹಾಕಿ ಹೊಡೆದರು. ಅವನು ಬದುಕಲಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಗೆಳೆಯರ ಗುಂಪೊಂದು ಕಾರಿನಲ್ಲಿ ಬಂದಿತ್ತು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಕೊಟ್ಟರು. ಅದೇ ತಪ್ಪಾಯಿತು! ಮೊಬೈಲ್ ಗುಂಪಿನಲ್ಲಿ ಸುದ್ದಿ ಕಾರಿಗಿಂತ ಮುಂಚೆ ಮುಂದಿನ ಊರಿಗೆ ಹೋಗಿತ್ತು. ಮುರ್ಕಿ ಎಂಬ ಊರಿನಲ್ಲಿ ದಾರಿ ಅಡ್ಡಗಟ್ಟಿ ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಇಂಜಿನಿಯರ್ ಪ್ರಾಣ ಬಿಟ್ಟ. ಆಮೇಲೆ ಊರಿನ ಎಷ್ಟೋ ಜನ ಜೈಲು ಕಂಡರು.

ಯೋಚನೆ ಮಾಡಿ. ಹೊಡೆದವರು ಕಳ್ಳರಲ್ಲ, ದರೋಡೆಕೋರರಲ್ಲ. ನಮ್ಮ ನಿಮ್ಮಂಥವರೇ. ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು. ಒಂದು ಸುಳ್ಳು ಒಳ್ಳೆಯವರ ಕೈಯಿಂದಲೂ ಕೊಲೆ ಮಾಡಿಸಬಲ್ಲದು.

ಹಳೇ ಚಿತ್ರ, ಹೊಸ ಸುಳ್ಳು

ಅದೇ ದಿನಗಳಲ್ಲಿ ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಚಿತ್ರವೊಂದು ಹರಿದಾಡಿತು. ಚಿತ್ರ ಸುಳ್ಳಲ್ಲ. ಅದು 2013ರಲ್ಲಿ ಸಿರಿಯಾ ದೇಶದಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳದು. ಅದರ ಕೆಳಗೆ ಬರೆದ ಮಾತು ಮಾತ್ರ ಸುಳ್ಳು. ಆದ್ದರಿಂದ ಚಿತ್ರ ನಿಜವೇ ಎಂದು ಕೇಳಿದರೆ ಸಾಲದು. ಎಲ್ಲಿಯದು, ಯಾವಾಗಿನದು ಎಂದೂ ಕೇಳಬೇಕು. ಈಗಂತೂ ಕಂಪ್ಯೂಟರಿನಿಂದ ಇಲ್ಲದ ಮುಖ, ಆಡದ ಮಾತು ಎರಡನ್ನೂ ಮಾಡಬಹುದು.

ಕಣ್ಣಿಗೆ ಕಂಡದ್ದು

ಇದೆಲ್ಲ ಮೊಬೈಲಿನದೇ ತಪ್ಪು ಎನ್ನಬೇಡಿ. ಹಳ್ಳಿಗಳಲ್ಲಿ ಮೊಬೈಲ್ ಇಲ್ಲದ ಕಾಲದಲ್ಲಿ, 1995ರ ಸೆಪ್ಟೆಂಬರ್ 21ರಂದು, ಗಣಪತಿ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವೆಲ್ಲ ಹಬ್ಬಿತು. ನಿಮ್ಮ ಅಪ್ಪ ಅವ್ವನನ್ನು ಕೇಳಿ, ನೆನಪಿದ್ದೀತು. ಚಮಚದ ಹಾಲು ಕಡಿಮೆಯಾಗುವುದನ್ನು ಜನ ಕಣ್ಣಾರೆ ಕಂಡರು. ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ನೋಡಿದರು. ಹಾಲು ತೆಳುವಾಗಿ ಮೂರ್ತಿಯ ಮೈಮೇಲೆ ಇಳಿಯುವುದು ಆಗ ಕಾಣಿಸಿತು. ದ್ರವದ ಮೇಲ್ಮೈ ಸೆಳೆತ ಇದಕ್ಕೆ ಕಾರಣ.

ನೀವೂ ಮಾಡಿ ನೋಡಿ. ಚಮಚದ ತುಂಬ ನೀರು ತೆಗೆದುಕೊಂಡು, ಅದರ ಅಂಚನ್ನು ಒದ್ದೆ ಕಲ್ಲಿಗೆ ತಾಗಿಸಿ ಸ್ವಲ್ಪ ಓರೆ ಮಾಡಿ. ಕಲ್ಲೂ ನೀರು 'ಕುಡಿಯುತ್ತದೆ'. ಇದು ಭಕ್ತಿಯನ್ನು ಹೀಯಾಳಿಸುವ ಮಾತಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೇ ಹೇಳಿದ್ದಾರಲ್ಲ!

ಐದು ಪ್ರಶ್ನೆಗಳು

ಯಾವ ಸುದ್ದಿ ಬಂದರೂ ಈ ಐದು ಪ್ರಶ್ನೆ ಕೇಳಿರಿ.

1. ಮೊದಲು ಹೇಳಿದವರು ಯಾರು? "ಎಲ್ಲಾರೂ ಹೇಳ್ತಾರ" ಎಂಬುದು ಉತ್ತರವಲ್ಲ.

2. ಎಲ್ಲಿ, ಯಾವಾಗ? ಗಾಳಿಸುದ್ದಿಗೆ ಊರಿನ ಹೆಸರಿಲ್ಲ, ತಾರೀಖಿಲ್ಲ. ಅದು ಯಾವಾಗಲೂ 'ಪಕ್ಕದ ಊರಿನಲ್ಲಿ', 'ನಿನ್ನೆ' ನಡೆದಿರುತ್ತದೆ.

3. ಇದರ ಹಿಂದೆ ಮುಂದೆ ಏನಿತ್ತು? ಕರಾಚಿಯ ವಿಡಿಯೋ ನೆನಪಿಸಿಕೊಳ್ಳಿ.

4. ಬೇರೆ ಎಲ್ಲಿ ಬಂದಿದೆ? ದಿನಪತ್ರಿಕೆ ನೋಡಿ, ಆಕಾಶವಾಣಿ ಕೇಳಿ, ಠಾಣೆಗೆ ಫೋನ್ ಮಾಡಿಸಿ. ಪತ್ರಿಕೆಯೂ ತಪ್ಪಬಹುದು. ಆದರೆ ಅದಕ್ಕೆ ಸಂಪಾದಕರ ಹೆಸರು, ವಿಳಾಸ ಇರುತ್ತದೆ, ಹೋಗಿ ಕೇಳಬಹುದು. ಗಾಳಿಸುದ್ದಿಗೆ ವಿಳಾಸವೇ ಇಲ್ಲ.

5. ಇದನ್ನು ಓದಿ ನನಗೆ ಸಿಟ್ಟೋ ಭಯವೋ ಬಂತೇ? ಬಂದಿದ್ದರೆ ಸ್ವಲ್ಪ ತಡೆಯಿರಿ. "ಕೂಡಲೇ ಹತ್ತು ಮಂದಿಗೆ ಕಳಿಸಿ" ಎಂದಿದ್ದರೆ ಇನ್ನೂ ಹೆಚ್ಚು ತಡೆಯಿರಿ.

ಕಡೆಯ ಪ್ರಶ್ನೆಯೇ ದೊಡ್ಡದು. ಬೀದರಿನ ಘಟನೆ ಆದ ತಿಂಗಳಲ್ಲೇ ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಆದರೆ ಐದು ಕಡೆ ಕಳಿಸುವ ಬೆರಳು ನಮ್ಮದೇ ತಾನೆ? ನಾವು ಕಳಿಸದೆ ಇದ್ದರೆ ಸುಳ್ಳು ನಮ್ಮಲ್ಲಿಗೇ ನಿಂತಿತು.

ನಿಜವಾಗಿ ಅನುಮಾನ ಬಂದರೆ?

ಎಚ್ಚರ ಬೇಡ ಎಂದು ನಾನು ಹೇಳುತ್ತಿಲ್ಲ. ಗುರುತಿಲ್ಲದವರು ಕರೆದರೆ ಹೋಗಬೇಡಿ. ಮನೆಯಲ್ಲಿ, ಶಾಲೆಯಲ್ಲಿ ಹೇಳಿ. 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ. 1098 ಮಕ್ಕಳ ಸಹಾಯವಾಣಿ. ಎರಡಕ್ಕೂ ದುಡ್ಡು ಬೇಡ. ಆದರೆ ಯಾರ ಮೇಲೂ ಕೈ ಮಾಡುವ ಹಕ್ಕು ನಮಗಿಲ್ಲ. ವಿಚಾರಣೆ ಮಾಡಲು ಠಾಣೆ ಇದೆ, ಕೋರ್ಟು ಇದೆ.

ಚಟುವಟಿಕೆ

ಅ) ಇಪ್ಪತ್ತು ಮಂದಿ ಸಾಲಾಗಿ ಕುಳಿತು ಒಂದು ವಾಕ್ಯವನ್ನು ಕಿವಿಯಿಂದ ಕಿವಿಗೆ ದಾಟಿಸಿ. ಕೊನೆಯವರು ಹೇಳಿದ್ದನ್ನು ಮೊದಲಿನವರು ಹೇಳಿದ್ದರ ಪಕ್ಕದಲ್ಲಿ ಬರೆಯಿರಿ.

ಆ) ಈ ವಾರ ಮನೆಯ ಮೊಬೈಲಿಗೆ ಬಂದ ಒಂದು ಸುದ್ದಿಗೆ ಐದು ಪ್ರಶ್ನೆ ಹಾಕಿ, ಉತ್ತರವನ್ನು ಈ ಪತ್ರಿಕೆಗೆ ಬರೆದು ಕೊಡಿ.

ಇ) ಕೂದಲು ಕೊಳ್ಳುವ ವ್ಯಾಪಾರಿ ಇನ್ನೊಮ್ಮೆ ಬಂದರೆ ಕರೆದು ಕೂಡಿಸಿ, ಕುಡಿಯಲು ನೀರು ಕೊಡಿ. ಊರು ಯಾವುದು, ಮಕ್ಕಳು ಎಷ್ಟು ಮಂದಿ ಎಂದು ಮಾತನಾಡಿಸಿ. ಅವರ ಮನೆಯಲ್ಲೂ ನಿಮ್ಮಂಥ ಮಕ್ಕಳು ದಾರಿ ಕಾಯುತ್ತಿರಬಹುದು.