ಸಸ್ಯಕೋಶದಲ್ಲಿ ಸತುವಿನ ಸಂಚಾರವೂ ಬತ್ತದ ಖೈರಾ ರೋಗವೂ

ನಾಟಿಯಾದ ಎರಡು ಮೂರು ವಾರಗಳಲ್ಲಿ ಬತ್ತದ ಪೈರು ಬೆಳವಣಿಗೆ ಕುಂದಿ, ಎಲೆಗಳ ಮೇಲೆ ತುಕ್ಕಿನ ಬಣ್ಣದ ಮಚ್ಚೆಗಳು ತೋರುವುದುಂಟು. ಇದನ್ನು ಬೂಷ್ಟಿನ ರೋಗವೆಂದೆಣಿಸಿ ಔಷಧಕ್ಕೂ, ಭೂಸಾರ ಸಾಲದೆಂದು ರಂಜಕದ ಗೊಬ್ಬರಕ್ಕೂ ಹಣ ವೆಚ್ಚಮಾಡುವವರುಂಟು. ಮೊದಲನೆಯದರಿಂದ ಫಲವಿಲ್ಲ, ಎರಡನೆಯದರಿಂದ ಕೇಡು ಹೆಚ್ಚುವುದು. ಹಿಮಾಲಯದ ತಪ್ಪಲಿನಲ್ಲಿ ಖೈರಾ ಎಂದು ಹೆಸರಾದ ಈ ವ್ಯಾಧಿಗೆ ಸತುವಿನ ಕೊರತೆಯೇ ಕಾರಣವೆಂಬುದನ್ನು ಪಂತನಗರದ ವೈ. ಎಲ್. ನೇನೆಯವರು 1966ರಲ್ಲಿ ತಿಳಿಯಪಡಿಸಿದರು.

ಪೈರಿಗೆ ಬೇಕಾದ ಸತುವು ಅತ್ಯಲ್ಪ. ಒಣಗಿದ ಎಲೆಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 20 ಭಾಗವಿದ್ದರೆ ಸಾಕು. ಆದರೆ ಅಷ್ಟೂ ಇಲ್ಲದಿದ್ದರೆ ಕೋಶದ ಅನೇಕ ಕಾರ್ಯಗಳು ನಿಲ್ಲುವುವು. ಮಿತಿಮೀರಿದರೆ ಅದೇ ವಿಷವಾಗುವುದು. ಆದುದರಿಂದ ಪ್ರತಿಯೊಂದು ಜೀವಕೋಶವೂ ಇದರ ಲೆಕ್ಕವನ್ನು ಬಿಗಿಯಾಗಿ ಇಡಬೇಕಾಗಿದೆ.

ಕೋಶವನ್ನು ಜಿಡ್ಡಿನ ತೆಳುಪೊರೆಯೊಂದು ಆವರಿಸಿರುವುದು. ನೀರಿನಲ್ಲಿ ಕರಗಿದ ಸತುವು ಅದನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ನೆಲಸಿರುವ ಪ್ರೋಟೀನುಗಳು ಕೆರೆಯ ತೂಬಿನಂತೆ ಅದನ್ನು ಒಳಕ್ಕೆ ಬಿಡುವುವು. ಇವುಗಳಿಗೆ ‘ಜಿಪ್’ ವರ್ಗವೆಂದು ಹೆಸರು. ಬೇರಿನಿಂದ ಮೇಲಕ್ಕೆ ಹೋಗುವ ನೀರಿನ ನಾಳಕ್ಕೆ ಸತುವನ್ನು ತಳ್ಳುವ ಪ್ರೋಟೀನುಗಳು ಬೇರೆ. ಹೆಚ್ಚಾದುದನ್ನು ಕೋಶದೊಳಗಿನ ರಸದ ಚೀಲದಲ್ಲಿ ಕೂಡಿಡುವುವು ಬೇರೆ. ಕೋಶದೊಳಗೆ ಬಿಡಿಯಾಗಿ ಅಲೆಯುವ ಸತುವು ಇಲ್ಲವೆಂದೇ ಹೇಳಬಹುದು.

ಈ ತೂಬುಗಳಿಗೆ ನೀರುಗಂಟಿಗಳೂ ಇರುವರು. ಸಾಸಿವೆಯ ಜಾತಿಗೆ ಸೇರಿದ ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಎರಡು ನಿಯಾಮಕ ಪ್ರೋಟೀನುಗಳು ಈ ಕೆಲಸ ಮಾಡುವುದು 2010ರಲ್ಲಿ ಗೊತ್ತಾಯಿತು. ಸತುವು ತಮಗೆ ಅಂಟಿರುವವರೆಗೆ ಅವು ಸುಮ್ಮನಿರುವುವು. ಸತುವು ಕಡಮೆಯಾಗಿ ಬಿಟ್ಟುಹೋದೊಡನೆ ಹೊಸ ತೂಬುಗಳನ್ನು ಕಟ್ಟುವಂತೆ ಆಜ್ಞೆ ಕೊಡುವುವು.

ಆದರೆ ಕೆರೆಯೇ ಬರಿದಾದ ಮೇಲೆ ತೂಬೆತ್ತಿ ಪ್ರಯೋಜನವೇನು? ಸುಣ್ಣದಂಶ ಹೆಚ್ಚಿದ ಭೂಮಿಯಲ್ಲಿಯೂ, ಸದಾ ನೀರು ನಿಂತ ಗದ್ದೆಯಲ್ಲಿಯೂ ಸತುವು ಕರಗದ ರೂಪಕ್ಕೆ ತಿರುಗುವುದು. ರಂಜಕದ ಗೊಬ್ಬರ ಅತಿಯಾದರೂ ಕೊರತೆ ಹೆಚ್ಚುವುದು.

ಕೊರತೆಯುಳ್ಳ ಗದ್ದೆಗೆ ನಾಟಿಗೆ ಮುಂಚೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಎರಚತಕ್ಕದ್ದು. ಸೂಪರ್ ಫಾಸ್ಫೇಟಿನೊಡನೆ ಇದನ್ನು ಬೆರಸಲಾಗದು. ಮಚ್ಚೆಗಳು ಈಗಾಗಲೇ ತೋರಿದ್ದರೆ, ಎಕರೆಗೆ 2 ಕಿಲೋ ಸಲ್ಫೇಟನ್ನೂ 1 ಕಿಲೋ ಅರಳಿದ ಸುಣ್ಣವನ್ನೂ 400 ಲೀಟರು ನೀರಿನಲ್ಲಿ ಕದಡಿ, ಸೋಸಿ ಎಲೆಗಳಿಗೆ ಸಿಂಪಡಿಸತಕ್ಕದ್ದು. ಸುಣ್ಣವಿಲ್ಲದೆ ಸಿಂಪಡಿಸಿದರೆ ಎಲೆ ಸುಡುವ ಭಯವುಂಟು. ಒಮ್ಮೆ ಭೂಮಿಗೆ ಹಾಕಿದುದು ಮುಂದಿನ ಕೆಲವು ಬೆಳೆಗಳಿಗೂ ಒದಗುವುದರಿಂದ, ಮಣ್ಣನ್ನು ಪರೀಕ್ಷೆ ಮಾಡಿಸದೆ ಪ್ರತಿ ವರ್ಷವೂ ಹಾಕುವುದು ದುಂದು.