ಹೂವಿನ ಕೌದಿಗೆ ನಡುಪಟ್ಟಿಯ ಬಣ್ಣ

ಕೌದಿಯೆಂಬದು ನಮ್ಮ ಸೀಮೆಯ ಮನೆಮನೆಯ ವಸ್ತುವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಳೆಯ ಮನೆಗಳಲ್ಲಿ ಕೌದಿಯ ಮೇಲೆ ಮಲಗದೆ ಬೆಳೆದವರು ವಿರಳ. ಉಟ್ಟು ಹಳೆಯದಾದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲ್ಮಗ್ಗುಲಿಗೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದರೆ ಕೌದಿಯಾಗುವದು. ಇದನ್ನು ಹೊಲಿಯಬಲ್ಲ ಕೈಗಳು ಅನೇಕ. ಆದರೆ ಬಣ್ಣಗಳನ್ನು ವಿಚಾರಪೂರ್ವಕವಾಗಿ ಕೂಡಿಸುವ ಕಣ್ಣುಗಳು ಕಡಿಮೆ. ಅದರಲ್ಲಿಯೂ ಹೂಬಳ್ಳಿಗಳ ಛಾಪಿನ ಅರಿವೆಗಳಿಂದ ಚೌಕಗಳನ್ನು ಮಾಡಿದಾಗ, ಅವುಗಳ ನಡುವೆ ಹಾಕುವ ಪಟ್ಟಿಗೆ ಯಾವ ಬಣ್ಣವು ಒಪ್ಪುವದೆಂಬ ಪ್ರಶ್ನೆಯು ಹೊಲಿಗೆಯ ವರ್ಗದಲ್ಲಿ ವರ್ಷವರ್ಷವೂ ಏಳುತ್ತದೆ. ಅದನ್ನು ಕ್ರಮವಾಗಿ ವಿಚಾರಿಸುವದೇ ಈ ಪಾಠದ ಉದ್ದೇಶವು.

1. ನಡುಪಟ್ಟಿಯ ಕೆಲಸವೇನು?

ಎರೆಯ ಹೊಲಗಳಲ್ಲಿ ಬದು ಇಲ್ಲದಿದ್ದರೆ ಯಾರ ಹೊಲ ಎಲ್ಲಿಗೆ ಮುಗಿಯಿತೆಂದು ತಿಳಿಯದು. ಕೌದಿಯಲ್ಲಿ ನಡುಪಟ್ಟಿಯು ಮಾಡುವ ಕೆಲಸವೂ ಇದೇ. ಹೂವಿನ ಅರಿವೆಯ ಒಂದೊಂದು ತುಂಡೂ ತನ್ನಷ್ಟಕ್ಕೆ ಚೆಂದವೇ. ಆದರೆ ಗುಲಾಬಿಯ ಮಗ್ಗುಲಿಗೆ ಮಲ್ಲಿಗೆ, ಮಲ್ಲಿಗೆಯ ಮಗ್ಗುಲಿಗೆ ದೊಡ್ಡ ಎಲೆಗಳ ಬಳ್ಳಿ, ಹೀಗೆ ಮೂವತ್ತು ನಾಲ್ವತ್ತು ತುಂಡುಗಳು ಒತ್ತಾಗಿ ಕೂತಾಗ ಕಣ್ಣಿಗೆ ನಿಲ್ಲುವ ನೆಲೆಯಿಲ್ಲ. ಒಂದು ಹೂವು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬದು ಕಾಣದೆ ಎಲ್ಲವೂ ಕಲಸಿದಂತೆ ತೋರುವದು. ಪಟ್ಟಿಯು ಚೌಕಕ್ಕೆ ಮೇರೆಯನ್ನು ಹಾಕುವದು, ಕಣ್ಣಿಗೆ ವಿಶ್ರಾಂತಿಯನ್ನು ಕೊಡುವದು. ಈ ಎರಡು ಕೆಲಸಗಳನ್ನು ಮಾಡದ ಪಟ್ಟಿಯು ಎಷ್ಟು ಬೆಲೆಯುಳ್ಳ ಅರಿವೆಯದಾದರೂ ವ್ಯರ್ಥವೇ.

ಇದು ಬರಿಯ ಅಲಂಕಾರದ ಮಾತಲ್ಲ. ಕೌದಿಯೊಳಗಿನ ಅರಿವೆಯು ಅಂಗಡಿಯಿಂದ ಬಂದದ್ದಲ್ಲ, ಮನೆಯವರ ಮೈಮೇಲಿನಿಂದ ಬಂದದ್ದು. ಅಜ್ಜಿಯ ಸೀರೆ, ಅವ್ವನ ಕುಪ್ಪಸ, ಮದುವೆಯಾಗಿ ಹೋದ ಅಕ್ಕನ ಪರಕಾರ ಇವು ಅದರಲ್ಲಿ ಇರುತ್ತವೆ. ಬೀಳಗಿ ತಾಲೂಕನ್ನು ನೆನೆಯಿರಿ. 1964ರಲ್ಲಿ ಅಡಿಗಲ್ಲನ್ನು ಕಂಡ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಮುಂದೆ ಆ ತಾಲೂಕಿನ ಎಷ್ಟೋ ಊರುಗಳನ್ನು ನುಂಗಿತು. ಮನೆಯನ್ನಾಗಲಿ ಹೊಲವನ್ನಾಗಲಿ ಅಂಗಳದ ಬೇವಿನ ಗಿಡವನ್ನಾಗಲಿ ಹೊತ್ತು ತರುವದು ಆಗದ ಮಾತು. ಪೆಟ್ಟಿಗೆಯೊಳಗಿನ ಸೀರೆಗಳನ್ನು ಮಾತ್ರ ತರಬಹುದಾಗಿತ್ತು. ಅಂಥ ಸೀರೆಗಳು ಕೌದಿಯಾದಾಗ, ಅದರ ಮೇಲೆ ಮಲಗಿದ ಕೂಸು ಬೆರಳಿಟ್ಟು “ಇದು ಯಾರದು?” ಎಂದು ಕೇಳುವದು, ಅಜ್ಜಿಯು ಒಂದೊಂದು ಚೌಕಕ್ಕೂ ಒಂದೊಂದು ಹೆಸರನ್ನು ಹೇಳುವಳು. ಚೌಕಗಳು ಒಂದರೊಳಗೊಂದು ಕರಗಿಹೋದರೆ ಬೆರಳಿಡುವದು ಎಲ್ಲಿ? ಮೇಲಾಗಿ, ಸೀರೆಯನ್ನು ಕತ್ತರಿಸಿದ ಮೇಲೆ ಪುನಃ ಕೂಡಿಸಲಿಕ್ಕೆ ಬಾರದು. ಆದುದರಿಂದ ಕತ್ತರಿಗಿಂತ ಮುಂಚೆ ವಿಚಾರವು ನಡೆಯತಕ್ಕದ್ದು.

2. ಪಟ್ಟಿಯ ಪಾಲು ಎಷ್ಟು?

ಪಟ್ಟಿಯು ಸಣ್ಣದು, ಅದಕ್ಕೆ ಯಾವ ಬಣ್ಣವಾದರೇನು ಎಂದು ಕೆಲವರು ತಿಳಿಯುತ್ತಾರೆ. ಲೆಕ್ಕ ಮಾಡಿ ನೋಡೋಣ. 9 ಇಂಚಿನ ಚೌಕಗಳನ್ನು ಅಡ್ಡಕ್ಕೆ 5, ಉದ್ದಕ್ಕೆ 7 ಇಟ್ಟು, ನಡುವೆಯೂ ಸುತ್ತಲೂ 2 ಇಂಚಿನ ಪಟ್ಟಿಯನ್ನು ಹಾಕಿದೆವೆಂದು ತಿಳಿಯಿರಿ. ಕೌದಿಯ ಅಗಲ 57 ಇಂಚು, ಉದ್ದ 79 ಇಂಚು. ಕ್ಷೇತ್ರಫಲ 4503 ಚದರ ಇಂಚು. ಅದರಲ್ಲಿ 35 ಚೌಕಗಳ ಪಾಲು 2835, ಪಟ್ಟಿಯ ಪಾಲು 1668. ಅಂದರೆ ನೂರಕ್ಕೆ 37 ಪಾಲು ಪಟ್ಟಿಯೇ ಆಯಿತು! ಪಟ್ಟಿಯನ್ನು ಒಂದೂವರೆ ಇಂಚಿಗೆ ಇಳಿಸಿದರೆ ನೂರಕ್ಕೆ 30 ಪಾಲು; 3 ಇಂಚಿಗೆ ಏರಿಸಿದರೆ ನೂರಕ್ಕೆ 48 ಪಾಲು, ಅಂದರೆ ಹೆಚ್ಚುಕಡಿಮೆ ಅರ್ಧ. ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ಪಟ್ಟಿಯ ಬಣ್ಣವೇ ಕೌದಿಯ ಬಣ್ಣವಾಗುವದು. ಮತ್ತು ಬಣ್ಣವು ಎಷ್ಟು ಬಲವಾದದ್ದೋ ಪಟ್ಟಿಯು ಅಷ್ಟು ಕಿರಿದಾಗಿರಬೇಕು.

ಇಷ್ಟಕ್ಕೆ ಬೇಕಾಗುವ ಅರಿವೆಯೂ ಬಹಳವಲ್ಲ. ಹೊಲಿಗೆಗೆಂದು ಪ್ರತಿ ಬದಿಗೂ ಕಾಲು ಇಂಚು ಬಿಟ್ಟು ಎರಡೂವರೆ ಇಂಚಿನ ಪಟ್ಟಿಗಳನ್ನು ಕತ್ತರಿಸಿದರೆ, 36 ಇಂಚು ಅಗಲದ ಅರಿವೆಯಲ್ಲಿ 2 ಗಜದೊಳಗೆ ಕೆಲಸವು ಮುಗಿಯುವದು. ಒಂದು ಹಳೆಯ ಸೀರೆಯ ಗಟ್ಟಿ ಉಳಿದ ಭಾಗವೇ ಸಾಕು.

3. ಮೊದಲು ತಿಳಿ-ಗಾಢ, ಆಮೇಲೆ ಬಣ್ಣ

ಹಸಿರೋ ಕೆಂಪೋ ನೀಲಿಯೋ ಎಂದು ಕೇಳುವದಕ್ಕಿಂತ ಮೊದಲು, ತಿಳಿಯೋ ಗಾಢವೋ ಎಂದು ಕೇಳಬೇಕು. ಇದು ಈ ಪಾಠದ ಮುಖ್ಯ ನಿಯಮವು. ನಮ್ಮ ಕಣ್ಣು ಒಂದು ವಸ್ತುವಿನ ಅಂಚನ್ನು ಹಿಡಿಯುವದು ಹೆಚ್ಚಾಗಿ ತಿಳಿ-ಗಾಢಗಳ ಭೇದದಿಂದಲೇ. ಹಸಿರು ಚೌಕದ ಮಗ್ಗುಲಿಗೆ ಅಷ್ಟೇ ಗಾಢವಾದ ಕೆಂಪು ಪಟ್ಟಿಯನ್ನಿಟ್ಟರೆ, ಬಣ್ಣಗಳು ಬೇರೆಯಾದರೂ ದೂರದಿಂದ ಅಂಚು ಕದಡಿದಂತೆ ಕಾಣುವದು.

ಆದುದರಿಂದ ಹೂವಿನ ತುಂಡುಗಳನ್ನೆಲ್ಲ ನೆಲದ ಮೇಲೆ ಹಾಸಿ, ತಿಳಿ, ನಡುತರ, ಗಾಢ ಎಂದು ಮೂರು ಗುಂಪು ಮಾಡಿರಿ. ಬಹುತೇಕ ತುಂಡುಗಳು ನಡುತರವಾದರೆ ಪಟ್ಟಿಯು ನಿಶ್ಚಯವಾಗಿ ಗಾಢ ಇಲ್ಲವೆ ನಿಶ್ಚಯವಾಗಿ ತಿಳಿಯಾಗಿರಲಿ. ಬಹುತೇಕ ತಿಳಿಯಾದರೆ ಗಾಢ ಪಟ್ಟಿ. ಬಹುತೇಕ ಗಾಢವಾದರೆ ತಿಳಿ ಪಟ್ಟಿ. ಮೂರೂ ಸಮಸಮವಾಗಿ ಬೆರೆತಿದ್ದರೆ ಮೂರಕ್ಕಿಂತಲೂ ಹೆಚ್ಚು ಗಾಢವಾದದ್ದನ್ನು ಆರಿಸಬೇಕು. ಯಾಕಂದರೆ ಅದು ಯಾವ ಗುಂಪಿನೊಳಗೂ ಕರಗದು.

ಇದರ ಸಂಗಡ ಇನ್ನೊಂದು ನಿಯಮವನ್ನು ಕೂಡಿಸಿಕೊಳ್ಳಿರಿ: ಪಟ್ಟಿಯ ಅರಿವೆಯಲ್ಲಿ ಹೂವಿರಬಾರದು. ಗದ್ದಲದ ನಡುವೆ ಇನ್ನೊಂದು ಗದ್ದಲವು ವಿಶ್ರಾಂತಿಯಾಗಲಾರದು. ಒಂದೇ ಬಣ್ಣದ ಸಾದಾ ಅರಿವೆಯು ಉತ್ತಮ. ಅತಿ ಸಣ್ಣ ಚೌಕಡಿಯ ಅರಿವೆಯೂ ನಡೆಯುವದು, ಯಾಕಂದರೆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರೆ ಅದು ಸಾದಾ ಅರಿವೆಯಂತೆಯೇ ತೋರುವದು. ಗುಳೇದಗುಡ್ಡದ ಖಣವು ಎಷ್ಟು ಸೊಗಸಾದರೂ ಚೌಕಕ್ಕೆ ಯೋಗ್ಯ, ಪಟ್ಟಿಗೆ ಯೋಗ್ಯವಲ್ಲ.

4. ನೆರೆಯ ಬಣ್ಣದ ಪ್ರಭಾವ

ಪ್ಯಾರಿಸ್ ಪಟ್ಟಣದ ಗೋಬ್ಲಾಂ ಎಂಬ ಪ್ರಸಿದ್ಧ ನೇಕಾರಿಕೆಯ ಕಾರ್ಖಾನೆಯಲ್ಲಿ 1824ರಿಂದ ಬಣ್ಣಗಾರಿಕೆಯ ಮೇಲ್ವಿಚಾರಣೆಯು ಮಿಶೆಲ್ ಯುಜೀನ್ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞನ ಕೈಯಲ್ಲಿತ್ತು. ಅಲ್ಲಿಯ ಕಪ್ಪು ನೂಲು ಪೇಲವವಾಗಿ ಕಾಣುವದೆಂಬ ದೂರು ಅವನ ಬಳಿಗೆ ಬಂದಿತು. ಅವನು ಪರೀಕ್ಷಿಸಲಾಗಿ ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪಿನ ಮಗ್ಗುಲಿಗೆ ನೇಯ್ದ ಬೇರೆ ಬಣ್ಣಗಳೇ ಅದನ್ನು ಹಾಗೆ ತೋರಿಸುತ್ತಿದ್ದವು. 1839ರಲ್ಲಿ ಅವನು ಪ್ರಕಟಿಸಿದ ದೊಡ್ಡ ಗ್ರಂಥದ ಸಾರವಿಷ್ಟೇ: ಎರಡು ಬಣ್ಣಗಳು ಮಗ್ಗುಲಲ್ಲಿದ್ದರೆ, ತಿಳಿಯದು ಇನ್ನೂ ತಿಳಿಯಾಗಿಯೂ ಗಾಢವಾದದ್ದು ಇನ್ನೂ ಗಾಢವಾಗಿಯೂ ಕಾಣುವದು, ಮತ್ತು ಒಂದೊಂದು ಬಣ್ಣವೂ ನೆರೆಯದನ್ನು ತನ್ನ ವಿರುದ್ಧದ ಬಣ್ಣದ ಕಡೆಗೆ ನೂಕುವದು. ಕೆಂಪಿನ ನಡುವೆ ಬೂದಿಬಣ್ಣದ ಚೂರನ್ನಿಟ್ಟು ನೋಡಿದರೆ ಅದರಲ್ಲಿ ಹಸಿರಿನ ಛಾಯೆಯು ತೋರುವದು.

ರಬಕವಿ-ಬನಹಟ್ಟಿಯ ಮಗ್ಗಗಳ ಬಳಿಯಲ್ಲಿ ಬೆಳೆದ ಹುಡುಗಿಯರಿಗೆ ಇದು ಹೊಸದೆನಿಸದು. ಅಟ್ಟೆಯಲ್ಲಿ ಒಂದು ಬಣ್ಣವಾಗಿ ಕಂಡ ನೂಲು ಹಾಸು-ಹೊಕ್ಕಿನಲ್ಲಿ ಕೂಡಿದಾಗ ಇನ್ನೊಂದಾಗಿ ಕಾಣುವದನ್ನು ಅವರು ಬಲ್ಲರು. ಆದುದರಿಂದ ಪಟ್ಟಿಯ ಅರಿವೆಯನ್ನು ಒಂಟಿಯಾಗಿ ಕೈಯಲ್ಲಿ ಹಿಡಿದು “ಚೆಂದ” ಎಂದು ಒಪ್ಪಿಕೊಳ್ಳಬೇಡಿರಿ. ಚೌಕಗಳ ನಡುವೆ ಇಟ್ಟ ಮೇಲೆ ಅದು ಏನಾಗುವದೆಂಬದನ್ನು ನೋಡಿರಿ.

5. ಹೂವಿನೊಳಗಿಂದಲೇ ಬಣ್ಣವನ್ನಾರಿಸುವ ಬಗೆ

ಪಟ್ಟಿಯ ಬಣ್ಣವು ಚೌಕಗಳಿಗೆ ತೀರ ಪರಕೀಯವಾಗಬಾರದು. ಹೂವಿನ ಅರಿವೆಗಳಲ್ಲಿ ಎಲ್ಲಿಯಾದರೂ ಇದ್ದ ಬಣ್ಣವೇ ಪಟ್ಟಿಗೆ ಬಂದರೆ ಇಡೀ ಕೌದಿಯು ಒಂದು ಮನೆತನದಂತೆ ಕೂಡಿಕೊಳ್ಳುವದು. ಆದರೆ ಎಲ್ಲಕ್ಕೂ ಹೆಚ್ಚಾಗಿ ಕಾಣುವ ಬಣ್ಣವನ್ನು ಆರಿಸಬಾರದು. ಹೂಗಳು ಗುಲಾಬಿಯಾಗಿ ಪಟ್ಟಿಯೂ ಗುಲಾಬಿಯಾದರೆ ಹೂವು ಪಟ್ಟಿಯೊಳಗೆ ಮುಳುಗುವದು. ಸ್ವಲ್ಪವೇ ಇರುವ ಬಣ್ಣವನ್ನು ಹುಡುಕಿರಿ: ಎಲೆಯ ಹಸಿರು, ಕಾಂಡದ ಕಂದು, ಎಸಳಿನ ಸುತ್ತ ಎಳೆದ ಗೆರೆಯ ಕಡುನೀಲಿ. ಇವುಗಳ ಮಬ್ಬಾದ ಛಾಯೆಯನ್ನು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಉಜ್ವಲ ಹಸಿರು ಕೆಂಪು ಹೂವಿನೊಡನೆ ಜಗಳವಾಡುವದು; ಮಬ್ಬಾದ ಗಾಢ ಹಸಿರು ಅದೇ ಹೂವನ್ನು ಎತ್ತಿ ತೋರಿಸುವದು. ಎರೆಭೂಮಿಯ ಮೇಲೆ ಕುಸುಬೆಯ ಹಳದಿ ಹೂವು ಎಷ್ಟು ಹೊಳೆಯುವದೆಂಬದನ್ನು ನೀವು ಕಂಡಿರುವಿರಿ. ನೆಲವು ಸುಮ್ಮನಿರುವದರಿಂದಲೇ ಹೂವು ಮಾತಾಡುತ್ತದೆ.

6. ನಾಲ್ಕು ಬಣ್ಣಗಳ ಗುಣದೋಷಗಳು

ಬಿಳುಪು: ಅಚ್ಚ ಬಿಳಿಯ ಪಟ್ಟಿಯು ಎಲ್ಲಕ್ಕೂ ಹೊಂದುವದೆಂದು ಸಾಮಾನ್ಯವಾಗಿ ನಂಬುತ್ತಾರೆ. ಆದರೆ ಬಹುತೇಕ ಹೂವಿನ ಛಾಪುಗಳ ನೆಲವೇ ಬಿಳಿಯಾಗಿರುವದರಿಂದ ಚೌಕದ ಅಂಚು ಕಳೆದುಹೋಗುವದು. ಚೌಕಗಳು ಗಾಢವಾಗಿದ್ದರೆ ಬಿಳಿಯ ಗೆರೆಗಳೇ ಕಣ್ಣನ್ನು ಸೆಳೆದು, ಹೂವಿನ ಬದಲು ಕಿಟಕಿಯ ಸರಳುಗಳು ಕಂಡಂತಾಗುವದು. ದಿನಬಳಕೆಯಲ್ಲಿ ಬೇಗ ಮಾಸುವದು ಬೇರೆ. ಹಳೆಯ ಧೋತರದ ಕೆನೆಬಣ್ಣವು ಇದಕ್ಕಿಂತ ಮೇಲು.

ಕಪ್ಪು: ಇದರ ನಡುವೆ ಪ್ರತಿಯೊಂದು ಬಣ್ಣವೂ ಬೆಳಗುವದು. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕಸೂತಿಯ ಬಣ್ಣದ ಎಳೆಗಳನ್ನು ಹಾಕಿದ ನಮ್ಮ ಹಿರಿಯ ಹೆಣ್ಣುಮಕ್ಕಳು ಈ ಗುಟ್ಟನ್ನು ಅರಿತಿದ್ದರು. ಆದರೆ ಕಪ್ಪು ಬಲವಾದದ್ದು. ಒಂದೂವರೆ ಇಂಚನ್ನು ಮೀರಿದರೆ ಭಾರವೆನಿಸುವದು.

ಕಡುನೀಲಿ: ಕಪ್ಪಿನ ಗುಣವುಳ್ಳದ್ದು, ಅದರ ಕಾಠಿಣ್ಯವಿಲ್ಲದ್ದು. ಇಳಕಲ್ ಸೀರೆಯ ಕಡುನೀಲಿ ಒಡಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಂದೇಹವಾದಲ್ಲಿ ಇದನ್ನೇ ಮೊದಲು ಪರೀಕ್ಷಿಸಿರಿ.

ಕೆಂಪು: ಇದು ಮುಂದಕ್ಕೆ ನುಗ್ಗುವ ಬಣ್ಣ. ಎಲ್ಲಾ ಚೌಕಗಳ ಸುತ್ತ ಇದನ್ನು ಹಾಕಿದರೆ ಪಟ್ಟಿಯೇ ಒಡತಿಯಾಗಿ ಹೂವು ಆಳಾಗುವದು. ಪಟ್ಟಿಗಳು ಕೂಡುವ ಮೂಲೆಗಳಲ್ಲಿ ಚಿಕ್ಕ ಕೆಂಪು ಚೌಕಗಳನ್ನಿಡಬಹುದು. ಇಳಕಲ್ ಸೀರೆಯ ಕೆಂಪು-ಬಿಳಿಯ ಸೆರಗನ್ನು ಕೌದಿಯ ಹೊರಅಂಚಿಗೆ ಕಾದಿಡಿರಿ.

7. ಪರೀಕ್ಷೆಯ ಕ್ರಮ

ಹೊಲಿಯುವ ಮೊದಲು ಒಂಬತ್ತು ಚೌಕಗಳನ್ನು ನೆಲಕ್ಕೆ ಹಾಸಿ, ನಡುವೆ ಮೂರು ಬೇರೆ ಬೇರೆ ಬಣ್ಣದ ಅರಿವೆಗಳನ್ನು ಒಂದಾದ ಮೇಲೊಂದರಂತೆ ಮಡಚಿ ಇಡಿರಿ. ಹತ್ತು ಹೆಜ್ಜೆ ಹಿಂದೆ ನಿಂತು, ಕಣ್ಣುಗಳನ್ನು ಅರ್ಧ ಮುಚ್ಚಿ ನೋಡಿರಿ. ಚೌಕಗಳನ್ನು ಎಣಿಸಲಿಕ್ಕೆ ಬಂದರೆ ಪಟ್ಟಿಯು ತನ್ನ ಕೆಲಸವನ್ನು ಮಾಡಿತು. ಚೌಕಗಳಿಗಿಂತ ಮೊದಲು ಪಟ್ಟಿಯೇ ಕಣ್ಣಿಗೆ ಬಿದ್ದರೆ ಅದು ಅತಿಯಾಯಿತು. ಮೊಬೈಲಿನಲ್ಲಿ ಕಪ್ಪು-ಬಿಳುಪಿನ ಚಿತ್ರವನ್ನು ತೆಗೆದರೆ ತಿಳಿ-ಗಾಢಗಳ ಭೇದವು ಕೂಡಲೇ ತಿಳಿಯುವದು. ಹಗಲಿನಲ್ಲಿ ಒಮ್ಮೆ, ದೀಪದ ಬೆಳಕಿನಲ್ಲಿ ಒಮ್ಮೆ ನೋಡುವದೂ ಅವಶ್ಯ. ಮಂದ ಬೆಳಕಿನಲ್ಲಿ ಕೆಂಪು ಕಪ್ಪಿಡುವದು, ನೀಲಿ ಅದಕ್ಕಿಂತ ತಿಳಿಯಾಗಿ ತೋರುವದು. ಕೌದಿಯಾದರೋ ರಾತ್ರಿಯ ವಸ್ತುವೇ ಆಗಿದೆ.

ಬಣ್ಣವು ನಿಶ್ಚಯವಾದ ಮೇಲೆ ಆ ಅರಿವೆಯ ಒಂದು ತುಂಡನ್ನು ಬಿಳಿಯ ಅರಿವೆಯೊಡನೆ ಬೆಚ್ಚಗಿನ ಸಾಬೂನಿನ ನೀರಿನಲ್ಲಿ ನೆನೆಯಿಡಿರಿ. ಬಿಳಿಯದಕ್ಕೆ ಬಣ್ಣ ಹತ್ತಿದರೆ, ಬಣ್ಣವು ಬಿಡುವದು ನಿಲ್ಲುವ ತನಕ ತೊಳೆಯಬೇಕು. ನಿಲ್ಲದಿದ್ದರೆ ಆ ಅರಿವೆಯನ್ನು ಬಿಟ್ಟುಬಿಡಬೇಕು. ಅವ್ವನ ಸೀರೆಯ ಹೂವಿನ ಮೇಲೆ ಪಟ್ಟಿಯ ಕೆಂಪು ಹರಿದರೆ ಅದಕ್ಕೆ ಉಪಾಯವು ಕಷ್ಟ. ಹೊಸ ಅರಿವೆಯಾದರೆ ಹೊಲಿಯುವ ಮುಂಚೆ ತೊಳೆದು ಒಣಗಿಸತಕ್ಕದ್ದು. ಹಳೆಯ ಚೌಕಗಳು ಕುಗ್ಗುವಷ್ಟು ಕುಗ್ಗಿರುತ್ತವೆ. ಹೊಸ ಪಟ್ಟಿಯು ಆಮೇಲೆ ಕುಗ್ಗಿ ಅವುಗಳನ್ನು ಮುದುಡಿಸುವದು.

ಕಡೆಗೆ ಒಂದು ಮಾತು. ನಡುಪಟ್ಟಿಯಿಲ್ಲದೆ ಕೌದಿಯೇ ಇಲ್ಲವೆಂದು ತಿಳಿಯಬೇಡಿರಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಸುತ್ತುತ್ತ ಒಳಮುಖವಾಗಿ ತುಂಡುಗಳನ್ನು ಹಚ್ಚುತ್ತ ಹೋಗಿ, ಇಂಥ ಚೌಕಪಟ್ಟಿಗಳಿಲ್ಲದೆಯೇ ಜಗತ್ತು ಮೆಚ್ಚುವ ಕೌದಿಗಳನ್ನು ಹೊಲಿಯುತ್ತಾರೆ. ಆದರೆ ಅವರ ತುಂಡುಗಳಲ್ಲಿ ಸಾದಾ ಅರಿವೆಯೂ ಬೆರೆತಿರುವದರಿಂದ ಕಣ್ಣಿಗೆ ಬೇಕಾದ ವಿಶ್ರಾಂತಿಯು ಅಲ್ಲಿ ಬೇರೆ ದಾರಿಯಿಂದ ದೊರೆಯುತ್ತದೆ. ರೀತಿಯು ಬೇರೆಯಾದರೂ ನಿಯಮವು ಒಂದೇ.

ಅಭ್ಯಾಸ

(1) ನಿಮ್ಮ ಮನೆಯ ಒಂದು ಕೌದಿಯನ್ನು ಹತ್ತು ಹೆಜ್ಜೆ ದೂರದಿಂದ ನೋಡಿ, ಮೊದಲು ಕಣ್ಣಿಗೆ ಬಿದ್ದದ್ದು ಹೂವೋ ಪಟ್ಟಿಯೋ ಎಂಬದನ್ನು ಬರೆಯಿರಿ.
(2) 8 ಇಂಚಿನ ಚೌಕಗಳು ಅಡ್ಡಕ್ಕೆ 6, ಉದ್ದಕ್ಕೆ 8. ನಡುವೆಯೂ ಸುತ್ತಲೂ ಒಂದೂವರೆ ಇಂಚಿನ ಪಟ್ಟಿ. ಕೌದಿಯಲ್ಲಿ ಪಟ್ಟಿಯ ಪಾಲು ನೂರಕ್ಕೆ ಎಷ್ಟು?
(3) ಒಂದೇ ಹೂವಿನ ತುಂಡನ್ನು ಕೆನೆಬಣ್ಣ, ಕಡುನೀಲಿ, ಕೆಂಪು ಅರಿವೆಗಳ ಮೇಲಿಟ್ಟು, ಹೂವಿನಲ್ಲಿ ಕಂಡ ಭೇದವನ್ನು ವರ್ಣಿಸಿರಿ.
(4) ಮನೆಯ ಹಿರಿಯರನ್ನು ಕೇಳಿ, ಆ ಕೌದಿಯೊಳಗಿನ ಐದು ತುಂಡುಗಳು ಯಾರ ಯಾರ ಉಡುಪಿನವೆಂಬದನ್ನು ಬರೆದಿಡಿರಿ. ಈ ಅಭ್ಯಾಸವನ್ನು ಮುಂದೂಡಬೇಡಿರಿ; ಅದನ್ನು ಹೇಳಬಲ್ಲವರು ಯಾವಾಗಲೂ ಇರುವದಿಲ್ಲ.