ಗುಜರಿಯಲ್ಲಿ ಅಡಿಗಲ್ಲು ಕೊಳ್ಳುವ ಮುನ್ನ

ಹವ್ಯಾಸಕ್ಕೆಂದು ಹಿತ್ತಲಲ್ಲಿ ಕುಲುಮೆ ಹೂಡಲು ಹೊರಟಿದ್ದೀರಾ? ಸಂತೋಷ. ಗುಜರಿ ಅಂಗಡಿಯಲ್ಲಿ ಹಳೆಯ ಸಲಕರಣೆ ಹುಡುಕುವುದೂ ಸರಿಯೇ. ಆದರೆ ತುಕ್ಕು ಕಂಡು ಹಿಂಜರಿಯುವವರು ಬಿರುಕನ್ನು ನೋಡುವುದೇ ಇಲ್ಲ. ತುಕ್ಕು ಉಜ್ಜಿದರೆ ಹೋಗುತ್ತದೆ, ಬಿರುಕು ಹೋಗುವುದಿಲ್ಲ.

ಅಡಿಗಲ್ಲು ನೋಡಲು ಹೋಗುವಾಗ ಜೇಬಿನಲ್ಲೊಂದು ಬೇರಿಂಗ್ ಗುಂಡು ಇರಲಿ. ಒಂದಡಿ ಎತ್ತರದಿಂದ ಅಡಿಗಲ್ಲಿನ ಮುಖದ ಮೇಲೆ ಬಿಡಿ. ಹದವಾದ ಉಕ್ಕಿದ್ದರೆ ಗುಂಡು ಅರ್ಧಕ್ಕಿಂತ ಮೇಲೆ ಪುಟಿಯುತ್ತದೆ. ಬರೀ ಬೀಡುಕಬ್ಬಿಣವಾದರೆ ಅಷ್ಟು ಪುಟಿಯದು. ನಾಲ್ಕೈದು ಕಡೆ ಬಿಟ್ಟು ನೋಡಿ. ಮನೆಗೆ ತಂದ ಮೇಲೆ ಮುಖ ನುಣ್ಣಗಾಗಲೆಂದು ಗ್ರೈಂಡರ್ ಹಿಡಿಯಬೇಡಿ ಮಾರಾಯ್ರೇ! ಮೇಲಿನ ಗಟ್ಟಿ ಪದರ ತೆಳುವಾದದ್ದು, ಸವೆದರೆ ಮತ್ತೆ ಬರುವುದಿಲ್ಲ.

ಅಡಿಗಲ್ಲಿನ ಬದಲು ರೈಲು ಹಳಿಯ ತುಂಡು ಅಗ್ಗಕ್ಕೆ ಸಿಕ್ಕಿತೇ? ರಸೀದಿ ಕೇಳಿ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ.

ಉಳಿಯ ತಲೆ ಅಣಬೆಯಂತೆ ಅರಳಿದ್ದರೆ ಆ ಅಂಚನ್ನು ಸಾಣೆ ಹಿಡಿದು ತೆಗೆಯಿರಿ, ಇಲ್ಲದಿದ್ದರೆ ಏಟಿಗೆ ಚೂರು ಕಣ್ಣಿಗೆ ಸಿಡಿದೀತು. ಸುತ್ತಿಗೆಯ ಕಾವು ಸಡಿಲವಿದ್ದರೆ ಹೊಸದು ಹಾಕಿಸಿ.

ಎಲ್ಲಕ್ಕಿಂತ ಹೆಚ್ಚಾಗಿ, ಜಿಐ ಪೈಪು, ತಗಡುಗಳನ್ನು ಬೆಂಕಿಗೆ ಹಾಕಲೇಬೇಡಿ. ಅವುಗಳ ಮೇಲಿನ ಸತುವು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಕುಲುಮೆಯ ಕಾವು ಅದಕ್ಕಿಂತ ಹೆಚ್ಚು. ಆ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ.

ನಿಮ್ಮೂರಿನಲ್ಲಿ ಕಮ್ಮಾರರು ಇನ್ನೂ ಕುಲುಮೆ ಊದುತ್ತಿದ್ದರೆ ಅವರ ದಿನಗೂಲಿ ಕೊಟ್ಟು ಗುಜರಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ.